ನೂರೆರಡು ಗುರುತಿನ ಹೆಸರು

2004ರ ಜುಲೈ. ಶಿವಮೊಗ್ಗದ ಒಂದು ಗ್ರಂಥಾಲಯದ ಪುಸ್ತಕ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿ, ಊರಾಚೆ ಇರುವವರೂ ಅಂತರ್ಜಾಲದಲ್ಲಿ ಹುಡುಕುವ ಹಾಗೆ ಮಾಡಿಕೊಡುವ ಕೆಲಸ ಹಿಡಿದಿದ್ದೆ. ಮಳೆ ಹಿಡಿದು ಮೂರು ದಿನವಾಗಿತ್ತು. ಗ್ರಂಥಪಾಲಕಿ ಮೇಡಂ ಒಂದು ಅಂಚೆ ಕಾರ್ಡು, ಒಂದು ನೀಲಿ ಪೆನ್ನು ಹಿಡಿದು ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಒಬ್ಬರು ಮೇಷ್ಟ್ರು ಬರೆದಿದ್ದಾರೆ, 'ಮರಳಿ ಮಣ್ಣಿಗೆ' ನಮ್ಮಲ್ಲಿ ಇದೆಯಾ, ಇದ್ದರೆ ಯಾರಾದರೂ ತಗೊಂಡು ಹೋಗಿದ್ದಾರಾ ಅಂತ. ಅವರ ಊರಲ್ಲಿ ಈಗ ಸೈಬರ್ ಸೆಂಟರ್ ಆಗಿದೆಯಂತೆ. ಆ ಪುಸ್ತಕದ ಪುಟದ ವಿಳಾಸ ಹೇಳಿ, ಬರ್ಕೋತೀನಿ."

"ಮುಖಪುಟದ ವಿಳಾಸ ಕೊಟ್ಟರೆ ಸಾಕಲ್ವಾ ಮೇಡಂ? ಅಲ್ಲಿ ಹೋಗಿ ಹೆಸರು ಹೊಡೆದರೆ ಅವರಿಗೇ ಸಿಗುತ್ತೆ."

"ಆ ಸೆಂಟರಲ್ಲಿ ಕನ್ನಡ ಟೈಪ್ ಮಾಡೋಕೆ ಆಗಲ್ಲವಂತೆ. ಅದಕ್ಕೇ ಕೇಳ್ತಿದೀನಿ."

ನಾನು ಹುಡುಕುವ ಡಬ್ಬಿಯಲ್ಲಿ ಪುಸ್ತಕದ ಹೆಸರು ಹೊಡೆದು ಗುಂಡಿ ಒತ್ತಿದೆ. ಪುಟ ಬಂತು. ಮೇಲಿನ ವಿಳಾಸಪಟ್ಟಿಯಲ್ಲಿ ಗ್ರಂಥಾಲಯದ ಹೆಸರಾದ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ಪರದೆಯ ಅಂಚು ದಾಟಿ ಹೋಗುವಷ್ಟು ಉದ್ದದ ಸಾಲು. ಶಿವರಾಮ ಕಾರಂತರ ಕಾದಂಬರಿಯ ಹೆಸರು ಅಲ್ಲಿ ಎಲ್ಲಿಯೂ ಕಾಣುತ್ತಿರಲಿಲ್ಲ. ಇದ್ದದ್ದೆಲ್ಲ ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕೆ. ನಾನು ಓದಿ ಹೇಳತೊಡಗಿದೆ: ಪರ್ಸೆಂಟ್ ಇ ಸೊನ್ನೆ, ಪರ್ಸೆಂಟ್ ಬಿ ಎರಡು, ಪರ್ಸೆಂಟ್ ಎ ಇ. ಪರ್ಸೆಂಟ್ ಇ ಸೊನ್ನೆ, ಪರ್ಸೆಂಟ್ ಬಿ ಎರಡು, ಪರ್ಸೆಂಟ್ ಬಿ ಸೊನ್ನೆ. ಮೇಡಂ ಒಂದೊಂದನ್ನೂ ಗುಂಡಗೆ ಬರೆದುಕೊಂಡರು. ಐದಾರು ಸಲ ಆದ ಮೇಲೆ ಪೆನ್ನು ಎತ್ತಿ ಕೇಳಿದರು: "ಈ ಇ ಸೊನ್ನೆ ಮತ್ತೆ ಮತ್ತೆ ಬರ್ತಿದೆಯಲ್ಲ, ಇದು ಮನೆತನದ ಹೆಸರಾ?"

ಹೌದು, ಮನೆತನದ ಹೆಸರೇ. ಅದು ಅಂದು ಅವರು ಕೇಳುವ ತನಕ ನನಗೆ ಹಾಗೆ ಹೊಳೆದಿರಲಿಲ್ಲ. ಕನ್ನಡದ ಯಾವ ಅಕ್ಷರವನ್ನು ಜಾಲವಿಳಾಸದಲ್ಲಿ ಹಾಕಿದರೂ ಅದು ಮೂರು ತುಂಡಾಗುತ್ತದೆ. ಮೊದಲ ತುಂಡು ಯಾವಾಗಲೂ ಇ ಸೊನ್ನೆ. ಎರಡನೆಯದು ಬಿ ಎರಡು ಇಲ್ಲವೇ ಬಿ ಮೂರು. ಇಂದು ನಾವು ಬಳಸುವ ಸ್ವರ ವ್ಯಂಜನಗಳೆಲ್ಲ ಬಿ ಎರಡರ ಮನೆಯವು. ಕಾಗುಣಿತದ ಚಿಹ್ನೆಗಳಲ್ಲಿ 'ಆ', 'ಇ'ಗಳದು ಅದೇ ಮನೆ. ದೀರ್ಘ 'ಈ'ಯಿಂದ ಮುಂದಿನವು, ಒತ್ತಕ್ಷರ ಮೂಡಿಸುವ ಚಿಹ್ನೆಯೂ ಸೇರಿ, ಬಿ ಮೂರಕ್ಕೆ ಹೋದವು. ಮೂರನೆಯ ತುಂಡೇ ಆ ಅಕ್ಷರದ ಸ್ವಂತ ಹೆಸರು. 'ಮ'ಕ್ಕೆ ಎ ಇ, 'ರ'ಕ್ಕೆ ಬಿ ಸೊನ್ನೆ, 'ಳ'ಕ್ಕೆ ಬಿ ಮೂರು. ತೆಲುಗಿನ 'ಮ'ಕ್ಕೂ ಕನ್ನಡದ 'ಮ'ಕ್ಕೂ ಇರುವ ವ್ಯತ್ಯಾಸ ಒಂದೇ ಅಂಕೆಯದು: ನಮ್ಮ ಬಿ ಎರಡು ಇರುವ ಕಡೆ ಅವರದು ಬಿ ಸೊನ್ನೆ, ಉಳಿದದ್ದೆಲ್ಲ ತದ್ರೂಪ. ಭಾರತದ ಲಿಪಿಗಳಿಗೆ 1988ರಲ್ಲಿ ಮಾಡಿದ ಇಸ್ಕಿ ಪಟ್ಟಿಯ ಸಾಲನ್ನೇ ಜಗತ್ತಿನ ಲಿಪಿಗಳ ಸಂಕೇತಪಟ್ಟಿಯಾದ ಯೂನಿಕೋಡ್ ಇಟ್ಟುಕೊಂಡದ್ದರಿಂದ ನಮ್ಮ ಎಲ್ಲ ಲಿಪಿಗಳಲ್ಲೂ ಅಕ್ಷರಗಳು ಒಂದೇ ಕ್ರಮದಲ್ಲಿ ಕೂತವು. ಕನ್ನಡ, ತೆಲುಗು ಅಲ್ಲಿಯೂ ಪಕ್ಕದ ಮನೆಯವರು.

'ಮರಳಿ ಮಣ್ಣಿಗೆ' ಎಂಬುದನ್ನು ಬಿಡಿಸಿದರೆ ಹನ್ನೊಂದು ಕನ್ನಡ ಸಂಕೇತ, ನಡುವೆ ಒಂದು ಖಾಲಿ ಜಾಗ. ಹನ್ನೊಂದಕ್ಕೆ ತಲಾ ಒಂಬತ್ತರಂತೆ 99, ಖಾಲಿ ಜಾಗದ %20 ಸೇರಿ ಒಟ್ಟು 102 ಗುರುತು. ಮೇಡಂ ಅಷ್ಟನ್ನೂ ಬರೆದರು. ಕಾರ್ಡಿನ ಅರ್ಧ ಅದಕ್ಕೇ ಹೋಯಿತು. ಕಾರ್ಡನ್ನು ತಿರುಗಿಸಿ ಮೇಷ್ಟ್ರ ವಿಳಾಸವನ್ನು ಕನ್ನಡದಲ್ಲೇ ಬರೆದು ಕೊನೆಗೆ ಆರು ಚೌಕದಲ್ಲಿ ಪಿನ್‌ಕೋಡ್ ತುಂಬಿದರು. ಆ ಭಾಷೆ ಓದಲು ಬಾರದವರ ಕೈಗೆ ಸಿಕ್ಕರೂ ಕಾಗದ ದಾರಿ ತಪ್ಪಬಾರದೆಂದು 1972ರ ಆಗಸ್ಟ್ 15ರಿಂದ ನಮ್ಮ ಅಂಚೆ ಇಲಾಖೆ ತಂದ ಆರು ಅಂಕೆ ಅದು. ಒಂದೇ ಕಾರ್ಡಿನ ಎರಡು ಮಗ್ಗುಲಲ್ಲಿ ಒಂದೇ ಬಗೆಯ ಎರಡು ಉಪಾಯ ಅಂದು ನನ್ನ ಕಣ್ಣೆದುರಿಗೆ ಇದ್ದವು.

ಈ ಶೇಕಡಾ ಚಿಹ್ನೆಯ ಕಥೆ ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯದಿಂದ ಶುರುವಾಗುತ್ತದೆ. ಟಿಮ್ ಬರ್ನರ್ಸ್-ಲೀ ಅಲ್ಲಿ ಜಾಲವನ್ನು ಕಟ್ಟಿದಾಗ ಅವರಿಗೆ ಬೇಕಾಗಿದ್ದದ್ದು ಯಾವ ದೇಶದ ಯಾವ ಕಂಪ್ಯೂಟರಿನಲ್ಲಿರುವ ಕಾಗದವನ್ನಾದರೂ ಒಂದೇ ಸಾಲಿನಲ್ಲಿ ಹೆಸರಿಸುವ ವಿಳಾಸ. 1994ರ ಜೂನಿನಲ್ಲಿ ಅವರು ಆ ವಿಳಾಸದ ರೀತಿಯನ್ನು ಬರೆದು ಹೊರಗಿಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಲ್ಯಾರಿ ಮಾಸಿಂಟರ್, ಮಾರ್ಕ್ ಮೆಕಾಹಿಲ್ ಜೊತೆ ಸೇರಿ ಮಾಡಿದ ನಿಯಮ ಆರ್‌ಎಫ್‌ಸಿ 1738 ಎಂಬ ಸಂಖ್ಯೆಯಲ್ಲಿ ಬಂತು. ವಿಳಾಸದಲ್ಲಿ ಬರಬಹುದಾದ ಅಕ್ಷರಗಳನ್ನು ಅವರು ಆಸ್ಕಿ ಎಂಬ ಇಂಗ್ಲಿಷ್ ಅಕ್ಷರಪಟ್ಟಿಯಿಂದಲೇ ಆರಿಸಿಕೊಂಡರು. ಆಸ್ಕಿಯಲ್ಲಿ ಇರುವುದು 128 ಸ್ಥಾನ. ಅಚ್ಚಿಗೆ ಬರುವಂಥವು ಖಾಲಿ ಜಾಗವೂ ಸೇರಿ 95. ಅದರಲ್ಲೂ ಹಲವನ್ನು ಅವರು ಹೊರಗಿಟ್ಟರು. ಖಾಲಿ ಜಾಗ ಬೇಡ, ಏಕೆಂದರೆ ಅಚ್ಚು ಹಾಕುವಾಗ, ನಕಲು ಮಾಡುವಾಗ ಅದು ಕಳೆದುಹೋಗುತ್ತದೆ ಅಥವಾ ಇಲ್ಲದ ಕಡೆ ಸೇರಿಕೊಳ್ಳುತ್ತದೆ. ಉದ್ಧರಣ ಚಿಹ್ನೆ ಬೇಡ, ಅದು ವಿಳಾಸಕ್ಕೇ ಬೇಲಿ ಹಾಕಲು ಬೇಕು. ಹೀಗೆ ಬೇಡವಾದವು, ಪಟ್ಟಿಯಲ್ಲೇ ಇಲ್ಲದವು ವಿಳಾಸದೊಳಗೆ ಬರಲೇಬೇಕಾದರೆ ಮೊದಲು ಶೇಕಡಾ ಚಿಹ್ನೆ, ಆಮೇಲೆ ಹದಿನಾರರ ಲೆಕ್ಕದಲ್ಲಿ ಎರಡು ಅಂಕೆ (ಆ ಲೆಕ್ಕದಲ್ಲಿ ಎ ಇಂದ ಎಫ್ ತನಕದ ಅಕ್ಷರಗಳೂ ಅಂಕೆಗಳೇ). ಖಾಲಿ ಜಾಗದ ಸಂಖ್ಯೆ 32. ಹದಿನಾರರ ಲೆಕ್ಕದಲ್ಲಿ ಅದು 20. ಹಾಗೆ ಬಂದದ್ದು %20. ಶೇಕಡಾ ಚಿಹ್ನೆಯೇ ಹೆಸರಿನಲ್ಲಿದ್ದರೆ ಅದು %25 ಆಗಬೇಕು.

ಇಷ್ಟು ಬಿಗಿ ಏಕೆಂಬುದಕ್ಕೆ ಉತ್ತರ 1998ರ ಪರಿಷ್ಕೃತ ನಿಯಮದಲ್ಲಿ ಸಿಗುತ್ತದೆ. ಅಂಥ ಒಣ ಕಾಗದದಲ್ಲಿ ನಿರೀಕ್ಷಿಸದ ಒಂದು ಸಣ್ಣ ಚಿತ್ರ ಅಲ್ಲಿದೆ: ಬೇರೆ ಬೇರೆ ದೇಶದವರು ಸೇರಿದ ಸಮ್ಮೇಳನವೊಂದರಲ್ಲಿ ಸ್ಯಾಮ್, ಕಿಮ್ ಎಂಬ ಇಬ್ಬರು ಪಬ್ಬಿನಲ್ಲಿ ಕೂತು ಮಾತಾಡುತ್ತಿದ್ದಾರೆ. ಒಬ್ಬರು ವಿಳಾಸ ಕೇಳುತ್ತಾರೆ, ಇನ್ನೊಬ್ಬರು ಕೈ ಒರೆಸುವ ಕಾಗದದ ಮೇಲೆ ಬರೆದುಕೊಡುತ್ತಾರೆ. ಮನೆಗೆ ಹೋದ ಮೇಲೆ ಆ ಕಾಗದ ನೋಡಿ ಟೈಪ್ ಮಾಡಿದರೆ ಪುಟ ಬರಬೇಕು. ಅಂದರೆ ವಿಳಾಸ ಇರುವುದು ಮನುಷ್ಯರ ಕೈಯಲ್ಲಿ ಬರೆಸಿಕೊಳ್ಳಲು, ಯಾವ ದೇಶದ ಕೀಲಿಮಣೆಯಲ್ಲಾದರೂ ಹೊಡೆಸಿಕೊಳ್ಳಲು. ಇದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣಿಗೆ ಬಂದದ್ದು ಶಿವಮೊಗ್ಗದ ಆ ಅಂಚೆ ಕಾರ್ಡು. ಇಂಗ್ಲಿಷ್ ಹೆಸರಿಗೆ ಆ ಕಾಗದದ ತುಂಡು ಸಾಕಾಗುತ್ತಿತ್ತು. ನಮ್ಮ ಹೆಸರಿಗೆ ಅರ್ಧ ಕಾರ್ಡು ಬೇಕಾಯಿತು.

ಮೇಡಂಗೆ ಈ ನಿಯಮದ ಇನ್ನೊಂದು ಭಾಗವನ್ನು ಹೇಳಿದಾಗ ಅವರು ನನಗಿಂತ ಬೇಗ ಅದರ ತಿರುಳು ಹಿಡಿದರು. ವಿಳಾಸದಲ್ಲಿ ಕೆಲವು ಚಿಹ್ನೆಗಳಿಗೆ ಕೆಲಸ ವಹಿಸಿರುತ್ತದೆ. ಓರೆಗೆರೆ ಭಾಗಗಳನ್ನು ಬೇರೆ ಮಾಡುತ್ತದೆ; ಪ್ರಶ್ನಾರ್ಥಕದ ಆಚೆ ನಾವು ಕೇಳುವ ವಿವರ ಶುರುವಾಗುತ್ತದೆ; & ಒಂದು ವಿವರವನ್ನು ಇನ್ನೊಂದರಿಂದ ಬಿಡಿಸುತ್ತದೆ; # ಪುಟದೊಳಗಿನ ಜಾಗ ತೋರಿಸುತ್ತದೆ. ಈ ಚಿಹ್ನೆ ಹೆಸರಿನ ಒಳಗೇ ಬಂದರೆ ಅದನ್ನು ಮುಚ್ಚಿ ಕಳಿಸಬೇಕು, ಇಲ್ಲದಿದ್ದರೆ ಯಂತ್ರ ಅದನ್ನು ಕೆಲಸದ ಚಿಹ್ನೆ ಎಂದೇ ತಿಳಿಯುತ್ತದೆ.

"ಇದು ನಮ್ಮ ಕೋಲನ್ ಪದ್ಧತಿಯಲ್ಲವಾ" ಎಂದರು ಮೇಡಂ.

ಎಸ್.ಆರ್. ರಂಗನಾಥನ್ 1933ರಲ್ಲಿ ಹೊರತಂದ ಪುಸ್ತಕ ವರ್ಗೀಕರಣ ಅದು. ಒಂದು ಪುಸ್ತಕದ ವಿಷಯವನ್ನು ಬಿಡಿ ಬಿಡಿ ಮುಖಗಳಾಗಿ ಒಡೆದು, ನಡುವೆ ಕೋಲನ್ ಹಾಕಿ ಪೋಣಿಸುತ್ತಾರೆ. ಮುಂದಿನ ಆವೃತ್ತಿಗಳಲ್ಲಿ ಅಲ್ಪವಿರಾಮ, ಅರ್ಧವಿರಾಮ, ಚುಕ್ಕೆ, ಮೇಲುಕೊಕ್ಕೆ ಒಂದೊಂದಕ್ಕೂ ಒಂದೊಂದು ಕೆಲಸ ಕೊಟ್ಟರು: ಚುಕ್ಕೆ ಬಂದರೆ ಸ್ಥಳ, ಕೊಕ್ಕೆ ಬಂದರೆ ಕಾಲ. ಬೆಂಗಳೂರಿನಲ್ಲಿ 1962ರಲ್ಲಿ ದಾಖಲೀಕರಣ ತರಬೇತಿ ಕೇಂದ್ರ ಕಟ್ಟಿ, ಕೊನೆಯ ವರ್ಷಗಳನ್ನು ಅಲ್ಲೇ ಕಳೆದವರು ರಂಗನಾಥನ್. ಮೇಡಂ ಆ ಪದ್ಧತಿಯನ್ನು ಓದಿದವರು. ಗ್ರಂಥಾಲಯದ ಕಪಾಟುಗಳಲ್ಲಿ ಬಳಕೆಯಲ್ಲಿದ್ದದ್ದು ಮಾತ್ರ ಡ್ಯೂಯಿಯ ದಶಮಾಂಶ. ಕನ್ನಡ ಸಾಹಿತ್ಯದ ಪ್ರತಿ ಪುಸ್ತಕದ ಬೆನ್ನಿಗೂ 894.814 ಎಂಬ ಚೀಟಿ. "ಬೇರ್ಪಡಿಸೋ ಗುರುತು ಹೆಸರಿನೊಳಗೆ ಬರಬಾರದು. ಬಂದರೆ ಪುಸ್ತಕ ಬೇರೆ ಕಪಾಟಿಗೆ ಹೋಗಿಬಿಡುತ್ತೆ" ಎಂದರು. ಜಾಲವಿಳಾಸದ ನಿಯಮವನ್ನು ಅದಕ್ಕಿಂತ ಚೊಕ್ಕವಾಗಿ ಯಾರೂ ನನಗೆ ಹೇಳಿಕೊಟ್ಟಿಲ್ಲ.

ಆ ತಪ್ಪು ಕಪಾಟಿಗೆ ಪುಸ್ತಕ ಕಳಿಸುವ ತಪ್ಪನ್ನು ಅದಕ್ಕೆ ಕೆಲವೇ ವಾರದ ಹಿಂದೆ ನಾನೇ ಮಾಡಿದ್ದೆ. ಅದನ್ನು ಹೇಳಬೇಕಾದರೆ ಬ್ರೌಸರಿನೊಳಗಿನ ಭಾಷೆಯ ಕಥೆಗೆ ಬರಬೇಕು.

ಮೊದಮೊದಲು ವಿಳಾಸ ಕಟ್ಟುವ ಕೆಲಸವೆಲ್ಲ ಸರ್ವರಿನದು, ಇಲ್ಲವೇ ಬ್ರೌಸರಿನದೇ. ಪುಟದಲ್ಲಿ ಒಂದು ಅರ್ಜಿ ನಮೂನೆ ಇಟ್ಟರೆ, ಓದುಗ ತುಂಬಿದ್ದನ್ನು ಬ್ರೌಸರ್ ತಾನಾಗಿ ಸಂಕೇತಕ್ಕೆ ಇಳಿಸಿ ಕಳಿಸುತ್ತಿತ್ತು. ಆ ನಮೂನೆಯ ರೂಢಿಯಲ್ಲಿ ಖಾಲಿ ಜಾಗ %20 ಆಗದೆ ಕೂಡಿಸುವ ಚಿಹ್ನೆ ಆಯಿತು. ಒಂದೇ ಖಾಲಿ ಜಾಗಕ್ಕೆ ಎರಡು ವೇಷ. ಆ ಗೊಂದಲ ಇಂದಿಗೂ ಹಾಗೇ ಇದೆ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಒಂದು ಪುಟ್ಟ ಭಾಷೆಯ ಮೊದಲ ರೂಪ ಮಾಡಿದರು. ಅದು ನೆಟ್‌ಸ್ಕೇಪ್ 2ರ ಜೊತೆ ಜಾವಾಸ್ಕ್ರಿಪ್ಟ್ ಹೆಸರಿನಲ್ಲಿ ಜಗತ್ತಿಗೆ ಬಂತು. ಅಲ್ಲಿಂದ ಮುಂದೆ ವಿಳಾಸವನ್ನು ಓದುಗನ ಮೇಜಿನ ಮೇಲೆ, ಅವನ ಬ್ರೌಸರಿನೊಳಗೇ ಕಟ್ಟಬಹುದಾಯಿತು. ಅದಕ್ಕೆಂದು ಕೊಟ್ಟ ಸಲಕರಣೆಯ ಹೆಸರು ಎಸ್ಕೇಪ್, ಬಿಡಿಸಲು ಅನ್‌ಎಸ್ಕೇಪ್.

ಎಸ್ಕೇಪ್ ಹುಟ್ಟಿದ ಕಾಲಕ್ಕೆ ಅದರ ಕಣ್ಣೆದುರು ಇದ್ದದ್ದು ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಭಾಷೆಗಳು. 256ರೊಳಗಿನ ಅಕ್ಷರಕ್ಕೆ ಶೇಕಡಾ ಚಿಹ್ನೆ, ಎರಡು ಅಂಕೆ. ಅದರಾಚೆಯ ಅಕ್ಷರಗಳಿಗೆ ಬೇರೆಯದೇ ಒಂದು ರೂಪ ಬಂತು: ಶೇಕಡಾ ಚಿಹ್ನೆ, ಇಂಗ್ಲಿಷ್ ಯು, ಆಮೇಲೆ ಯೂನಿಕೋಡಿನ ನಾಲ್ಕು ಅಂಕೆ. ಕನ್ನಡದ 'ಕ' ಎಸ್ಕೇಪಿನಲ್ಲಿ %ಯು0ಸಿ95 ಆಗುತ್ತದೆ. ನೋಡಲು ಇದೇ ಸರಳ, ಒಂಬತ್ತರ ಬದಲು ಆರೇ ಗುರುತು. ಆದರೆ ಬರ್ನರ್ಸ್-ಲೀ ಮತ್ತು ಸಂಗಡಿಗರು ಬರೆದ ನಿಯಮದಲ್ಲಿ ಶೇಕಡಾ ಚಿಹ್ನೆಯ ನಂತರ ಹದಿನಾರರ ಲೆಕ್ಕದ ಅಂಕೆ ಬಿಟ್ಟು ಬೇರೇನೂ ಬರುವಂತಿಲ್ಲ. ಯು ಎಂಬುದು ಅಂಕೆಯಲ್ಲ. ಆ ಮಾತನ್ನು ಅರ್ಥಮಾಡಿಕೊಳ್ಳುವ ಸರ್ವರುಗಳು ಕೆಲವು ಇದ್ದವು, ನಾನು ಬಳಸುತ್ತಿದ್ದ ಸರ್ವರ್ ಭಾಷೆ ಪಿಎಚ್‌ಪಿಗೆ ಅದು ಬರುತ್ತಿರಲಿಲ್ಲ.

ನಾನು ಜಾವಾಸ್ಕ್ರಿಪ್ಟ್ ಕಲಿತದ್ದು 1998ರ ಒಂದು ಪುಸ್ತಕದಿಂದ. ಅದರಲ್ಲಿ ಇದ್ದದ್ದು ಎಸ್ಕೇಪ್ ಒಂದೇ. ಗ್ರಂಥಾಲಯದ ಹುಡುಕುವ ಡಬ್ಬಿಗೂ ಅದನ್ನೇ ಹಾಕಿದೆ. ಇಂಗ್ಲಿಷ್ ಪುಸ್ತಕಗಳ ಹೆಸರು ಹೊಡೆದು ಪರೀಕ್ಷೆ ಮಾಡಿದೆ, ಎಲ್ಲ ಸರಿಯಾಗಿ ಬಂತು. ಮೇಡಂ ಮರುದಿನ ಬೆಳಿಗ್ಗೆ ಬಂದು ಮೊದಲು ಹೊಡೆದದ್ದು ಕನ್ನಡ. ಆ ಗ್ರಂಥಾಲಯದಲ್ಲಿದ್ದ ಕನ್ನಡ ಪುಸ್ತಕಗಳಲ್ಲಿ ಒಂದೂ ಸಿಗಲಿಲ್ಲ. ಕಪಾಟಿನ ತುಂಬ ಪುಸ್ತಕವಿದ್ದೂ ಪರದೆ 'ಇಲ್ಲ' ಎನ್ನುತ್ತಿತ್ತು. ಅವರು ಬೈಯಲಿಲ್ಲ. "ಮೊದಲು ಕನ್ನಡ ಹೊಡೆದು ನೋಡಬೇಕಿತ್ತು" ಎಂದಷ್ಟೇ ಹೇಳಿದರು. ಕನ್ನಡ ಗ್ರಂಥಾಲಯಕ್ಕೆ ಮಾಡಿದ ಕೆಲಸವನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಕೈ ತೊಳೆದುಕೊಂಡಿದ್ದೆನಲ್ಲ, ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಎಸ್ಕೇಪಿಗೆ ಇನ್ನೊಂದು ಕೊರತೆಯೂ ಇತ್ತು. ಕೂಡಿಸುವ ಚಿಹ್ನೆಯನ್ನು ಅದು ಮುಟ್ಟುವುದಿಲ್ಲ. ಕಂಪ್ಯೂಟರ್ ವಿಭಾಗದ 'ಸಿ++' ಪುಸ್ತಕ ಹುಡುಕಿದರೆ, ಆ ಎರಡು ಚಿಹ್ನೆ ಹಾಗೇ ಹೋಗಿ ಸರ್ವರಿನಲ್ಲಿ ಎರಡು ಖಾಲಿ ಜಾಗ ಆಗುತ್ತಿದ್ದವು. ಬರೀ 'ಸಿ' ಉಳಿಯುತ್ತಿತ್ತು.

ಪರಿಹಾರ ಆಗಲೇ ಬಂದು ನಾಲ್ಕು ವರ್ಷ ದಾಟಿತ್ತು. 1999ರ ಡಿಸೆಂಬರಿನಲ್ಲಿ ಆ ಭಾಷೆಯ ಪ್ರಮಾಣಗ್ರಂಥದ ಮೂರನೆಯ ಆವೃತ್ತಿ ಹೊರಬಂದಾಗ ಎಸ್ಕೇಪನ್ನು ಹಿಂದಿನ ಅನುಬಂಧಕ್ಕೆ ಸರಿಸಿ ಎರಡು ಹೊಸ ಸಲಕರಣೆ ಕೊಟ್ಟಿದ್ದರು: ಎನ್‌ಕೋಡ್‌ಯುಆರ್‌ಐ, ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್. ಮೊದಲನೆಯದು ಇಡೀ ವಿಳಾಸಕ್ಕೆ. ಕೆಲಸದ ಚಿಹ್ನೆಗಳನ್ನು ಅದು ಹಾಗೇ ಬಿಡುತ್ತದೆ. ಎರಡನೆಯದು ವಿಳಾಸದೊಳಗೆ ಕೂರುವ ಒಂದು ತುಂಡಿಗೆ; ಅದು ಓರೆಗೆರೆ, ಪ್ರಶ್ನಾರ್ಥಕ, &, +, # ಎಲ್ಲವನ್ನೂ ಮುಚ್ಚುತ್ತದೆ. ನಾನು ಮೊದಲು ಮೊದಲನೆಯದನ್ನೇ ಹಾಕಿದೆ. ಕನ್ನಡ ಹೆಸರುಗಳು ಬಂದವು. ಆದರೆ 'ಆಟ & ಪಾಠ' ಎಂದು ಹೊಡೆದರೆ & ಮುಚ್ಚಿಕೊಳ್ಳದೆ, 'ಆಟ' ಮಾತ್ರ ಸರ್ವರಿಗೆ ಮುಟ್ಟಿ 'ಪಾಠ' ಬೇರೆ ವಿವರವಾಗಿ ಬಿದ್ದುಹೋಗುತ್ತಿತ್ತು. ಎರಡನೆಯದಕ್ಕೆ ಬದಲಾಯಿಸಿದ ಮೇಲೆ ನಿಂತಿತು. ಈ ಎರಡರ ನಡುವಿನ ಆಯ್ಕೆಯಲ್ಲಿ ಅಂದಿನಿಂದ ಎಷ್ಟೋ ಹುಡುಗರು ಎಡವುವುದನ್ನು ನೋಡಿದ್ದೇನೆ. ಅವರಿಗೆ ನಾನು ಹೇಳುವುದು ಕಪಾಟಿನ ಮಾತನ್ನೇ.

ಆ ಹೊಸ ಸಲಕರಣೆಗಳ ದೊಡ್ಡ ಉಪಕಾರ ಬೇರೆಯದು. ಅವು ಜಗತ್ತಿನ ಎಲ್ಲ ಲಿಪಿಗೂ ಒಂದೇ ದಾರಿ ಹಿಡಿದವು: ಯುಟಿಎಫ್-8. ಅದಕ್ಕೂ ಮೊದಲು ಶೇಕಡಾ ಚಿಹ್ನೆಯ ಹಿಂದಿನ ಅಂಕೆ ಯಾವ ಪಟ್ಟಿಯದೆಂದು ಯಾರೂ ಹೇಳಿರಲಿಲ್ಲ. ಫ್ರೆಂಚಿನ ಕೊಂಬಿನ 'ಇ' ಒಂದು ಪಟ್ಟಿಯಲ್ಲಿ ಒಂದು ಬೈಟ್, ಇನ್ನೊಂದರಲ್ಲಿ ಎರಡು. ಜಪಾನಿಗಳದು ಬೇರೆ ಬೇರೆ ಪಟ್ಟಿ. ಒಂದೇ ಹೆಸರಿಗೆ ಮೂರ್ನಾಲ್ಕು ವಿಳಾಸ. 1997ರ ಕೊನೆಯಲ್ಲಿ ಬಂದ ಎಚ್‌ಟಿಎಂಎಲ್ 4 ಯುಟಿಎಫ್-8 ಬಳಸಿ ಎಂದು ಸಲಹೆ ಕೊಟ್ಟಿತು, 2005ರ ಜನವರಿಯ ಆರ್‌ಎಫ್‌ಸಿ 3986 ಮುಂದೆ ಬರುವ ಹೊಸ ಬಗೆಯ ವಿಳಾಸಗಳಿಗೆ ಅದನ್ನೇ ವಿಧಿಸಿತು. ನಡುವೆ 1999ರಲ್ಲಿ ಬ್ರೌಸರಿನೊಳಗಿನ ಪುಟ್ಟ ಭಾಷೆ ಅದನ್ನು ಕೈಗೆ ಕೊಟ್ಟಿತ್ತು.

ಯುಟಿಎಫ್-8 ಹುಟ್ಟಿದ್ದೂ ಊಟದ ಮೇಜಿನ ಮೇಲೆ. 1992ರ ಸೆಪ್ಟೆಂಬರಿನ ಒಂದು ಸಂಜೆ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಇಬ್ಬರೂ ಕೂತು, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಥಾಂಪ್ಸನ್ ಅದರ ರೂಪ ಗೀಚಿದರು. ಆಸ್ಕಿಯ ಅಕ್ಷರ ಇದ್ದ ಹಾಗೆಯೇ ಒಂದು ಬೈಟ್. ಉಳಿದವು ಎರಡು, ಮೂರು, ಇನ್ನೂ ಹೆಚ್ಚು. ಎಷ್ಟು ಬೈಟ್ ಬರುತ್ತವೆಂದು ಮೊದಲ ಬೈಟೇ ಹೇಳಿಬಿಡುತ್ತದೆ. ಮೇಡಂ ಮನೆತನದ ಹೆಸರು ಎಂದ ಇ ಸೊನ್ನೆಯ 'ಇ' ಅದೇ: ನಾನು ಸೇರಿ ಮೂರು ಜನ ಎಂಬ ಸೂಚನೆ. ದಾರಿಯಲ್ಲಿ ಒಂದು ಬೈಟ್ ಕಳೆದರೂ ಮುಂದಿನ ಅಕ್ಷರದ ಮೊದಲು ಎಲ್ಲೆಂದು ಕಂಡುಹಿಡಿಯಬಹುದು. ಆ ಕಾಗದದ ಮೇಲೆ ಕನ್ನಡ ಇರಲಿಲ್ಲ. ಆದರೆ ಹಿಂದಿನ ವರ್ಷವೇ ಬಂದಿದ್ದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ 128 ಸ್ಥಾನ ಸಿಕ್ಕಾಗಿತ್ತು.

ಸಿಕ್ಕ ಸ್ಥಾನ ನಮ್ಮ ಮೇಜಿಗೆ ಬರಲು ತಡವಾಯಿತು. 1996ರಲ್ಲಿ ಯು.ಬಿ. ಪವನಜ ಅವರು 'ವಿಶ್ವಕನ್ನಡ'ವನ್ನು ಜಾಲಕ್ಕೆ ತಂದಾಗ, 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಿಗೆ ಬಂದಾಗ, ಕನ್ನಡ ಅಚ್ಚಾಗುತ್ತಿತ್ತು, ಓದಬಹುದಾಗಿತ್ತು. ಆದರೆ ಫಾಂಟಿನ ಕೆಳಗೆ ಇದ್ದದ್ದು ಕನ್ನಡದ ಸಂಕೇತವಲ್ಲ, ಪಾಶ್ಚಾತ್ಯ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ತುಂಡುಗಳು. ಆ ಪಠ್ಯವನ್ನು ವಿಳಾಸಕ್ಕೆ ಹಾಕಿದರೆ ಅರ್ಥವಿಲ್ಲದ ಸಾಲು ಆಗುತ್ತಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟಿನ ಜೊತೆ ಬಂದ ಮೇಲೆಯೇ ಸಾಮಾನ್ಯ ಯಂತ್ರದಲ್ಲಿ ನಿಜವಾದ ಕನ್ನಡ ಯೂನಿಕೋಡ್ ಮೂಡತೊಡಗಿದ್ದು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಲೇಖನದ ಹೆಸರೇ ವಿಳಾಸವಾಗುವ ಪದ್ಧತಿ ಅದರದು. ಕನ್ನಡದ ಸಾವಿರಾರು ಹೆಸರುಗಳು ಜಾಲದ ವಿಳಾಸಗಳಲ್ಲಿ ನಿಲ್ಲತೊಡಗಿದ್ದು ಅಲ್ಲಿಂದ ಎಂದು ನನ್ನ ಎಣಿಕೆ.

ಇದೇ ಶೇಕಡಾ ಚಿಹ್ನೆ ಕೆಡುಕಿಗೂ ಬಳಕೆಯಾಯಿತು. 2000ದ ಅಕ್ಟೋಬರಿನಲ್ಲಿ ಹೊರಬಿದ್ದ ಒಂದು ದೋಷದಲ್ಲಿ ಓರೆಗೆರೆಯನ್ನು ಒಂದು ಬೈಟಿನ ಬದಲು ಎರಡು ಬೈಟಿನಲ್ಲಿ, %ಸಿ0%ಎಎಫ್ ಎಂದು ಬರೆದರೆ ಮೈಕ್ರೋಸಾಫ್ಟಿನ ಸರ್ವರ್ ಕಾವಲು ಮುಗಿದ ಮೇಲೆ ಅದನ್ನು ಬಿಡಿಸಿ, ಬಿಡಬಾರದ ಕಡತಕೋಶಕ್ಕೆ ಬಿಟ್ಟುಬಿಡುತ್ತಿತ್ತು. ಮರುವರ್ಷ ಹಬ್ಬಿದ ನಿಮ್ಡಾ ಹುಳು ಬಳಸಿದ ದಾರಿಗಳಲ್ಲಿ ಇದೂ ಒಂದು. ಹೀಗೆ ಉದ್ದಕ್ಕೆ ಎಳೆದು ಬರೆಯುವುದನ್ನು ನಿಯಮ ಈಗ ನಿಷೇಧಿಸಿದೆ.

2008ರಲ್ಲಿ ಫೈರ್‌ಫಾಕ್ಸ್ 3 ಬಂತು. ಅದರ ವಿಳಾಸಪಟ್ಟಿಯಲ್ಲಿ ಮೊದಲ ಸಲ ಶೇಕಡಾ ಚಿಹ್ನೆಗಳ ಬದಲು ಕನ್ನಡವನ್ನೇ ಕಂಡೆ. ಒಳಗೆ ಹೋಗುವುದು ಅದೇ ಮೂರು ಮೂರು ತುಂಡು. ಕಣ್ಣಿಗೆ ಕಾಣುವುದು ಹೆಸರು. ಆ ಸಂಜೆ ನಾನು ವಿಕಿಪೀಡಿಯದಲ್ಲಿ ಕೊಡಚಾದ್ರಿ, ಆಗುಂಬೆ, ತುಂಗಾ ನದಿ ಎಂದು ಒಂದಾದ ಮೇಲೆ ಒಂದು ತೆರೆದು ವಿಳಾಸವನ್ನು ಓದುತ್ತಾ ಕೂತಿದ್ದೆ. ಪುಟ ಓದಲಿಲ್ಲ, ವಿಳಾಸ ಮಾತ್ರ ಓದಿದೆ.

ಆದರೂ ಆ ಸಾಲನ್ನು ನಕಲು ಮಾಡಿ ಗೆಳೆಯರಿಗೆ ಕಳಿಸಿದರೆ ಶೇಕಡಾ ಚಿಹ್ನೆಗಳೇ ಹೋಗುತ್ತವೆ. ಇವತ್ತಿಗೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಕನ್ನಡ ಲೇಖನದ ಕೊಂಡಿ ಹಾಕಿದರೆ ಪರದೆ ತುಂಬುತ್ತದೆ. ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ವಿಳಾಸಕ್ಕೆ ಇಟ್ಟಿದ್ದ ಮಿತಿ 2083 ಗುರುತು. ಇಂಗ್ಲಿಷಿನವರಿಗೆ ಅದು ಒಂದು ಪುಟದ ಬರಹ. ನಮಗೆ ಒಂಬತ್ತರಿಂದ ಭಾಗಿಸಿದರೆ 231 ಸಂಕೇತ, ನಾಲ್ಕೈದು ಸಾಲು. ಉದ್ದವಾಯಿತೆಂದು ಯಾವುದಾದರೂ ಕೋಡ್ ಅಕ್ಷರದ ನಡುವೆ ಕತ್ತರಿಸಿ, ಇ ಸೊನ್ನೆ, ಬಿ ಎರಡು ಉಳಿದು ಮೂರನೆಯದು ಬಿದ್ದುಹೋದರೆ, ಬಿಡಿಸುವ ಸಲಕರಣೆ ಇಡೀ ಸಾಲನ್ನೇ ತಿರಸ್ಕರಿಸಿ ದೋಷ ಕೂಗುತ್ತದೆ. ಹೆಸರನ್ನು ಮೊದಲು ಕತ್ತರಿಸಿ ಆಮೇಲೆ ಸಂಕೇತಕ್ಕೆ ಇಳಿಸಬೇಕು, ತಿರುಗಾಮುರುಗಾ ಆಗಬಾರದು. ಒಮ್ಮೆ ಇಳಿಸಿದ್ದನ್ನು ಮತ್ತೊಮ್ಮೆ ಇಳಿಸಲೂಬಾರದು; %20 ಹೋಗಿ %2520 ಆಗಿ, ಸರ್ವರು ಖಾಲಿ ಜಾಗದ ಬದಲು %20 ಎಂಬ ಮೂರು ಗುರುತನ್ನೇ ಹೆಸರೆಂದು ಹುಡುಕುತ್ತದೆ.

ಕನ್ನಡಕ್ಕೇ ಸೇರಿದ ಒಂದು ಕಷ್ಟವನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಬರವಣಿಗೆಯಲ್ಲಿ ಕಾಣದ ಎರಡು ಗುರುತು ಇವೆ. 'ಫೇಸ್‌ಬುಕ್' ಎಂದು ಬರೆಯುವಾಗ 'ಸ'ಕ್ಕೆ 'ಬ' ಒತ್ತಾಗದಂತೆ ತಡೆಯುವುದು ಒಂದು; 'ರ‍್ಯಾಂಕ್' ಎನ್ನುವಾಗ 'ರ'ವನ್ನು ಅರ್ಕಾವೊತ್ತಾಗಲು ಬಿಡದೆ ನಿಲ್ಲಿಸುವುದು ಇನ್ನೊಂದು. ಕಣ್ಣಿಗೆ ಅವು ಶೂನ್ಯ ಅಗಲ. ವಿಳಾಸದಲ್ಲಿ ಮಾತ್ರ ಒಂದೊಂದೂ ಒಂಬತ್ತು ಗುರುತು: %ಇ2%80%8ಸಿ, %ಇ2%80%8ಡಿ. ಒಬ್ಬರು ಅದನ್ನು ಹಾಕಿ ಹೊಡೆಯುತ್ತಾರೆ, ಇನ್ನೊಬ್ಬರ ಕೀಲಿಮಣೆ ಹಾಕುವುದಿಲ್ಲ. ಹೆಸರು ಒಂದೇ, ವಿಳಾಸ ಎರಡು, ಒಂದರಲ್ಲಿ ಪುಟ ಸಿಗುತ್ತದೆ, ಇನ್ನೊಂದರಲ್ಲಿ ಸಿಗುವುದಿಲ್ಲ. 'ಕೋ' ಅಕ್ಷರದ ಓತ್ವ ದೀರ್ಘವೂ ಹಾಗೆಯೇ. ಅದನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡು ಸೇರಿಸಿಯೂ ಇಡಬಹುದು. 2015ರಲ್ಲಿ ಜಾವಾಸ್ಕ್ರಿಪ್ಟಿಗೆ ಬಂದ ನಾರ್ಮಲೈಜ್ ಎಂಬ ಸಲಕರಣೆ ಈ ತುಂಡುಗಳನ್ನು ಒಂದಾಗಿಸುತ್ತದೆ; ಕಾಣದ ಗುರುತುಗಳನ್ನು ಅದು ತೆಗೆಯುವುದಿಲ್ಲ. ಅದಕ್ಕೆ ನಾವೇ ಒಂದು ಸಾಲು ಬರೆಯಬೇಕು. ಹುಡುಕುವ ಡಬ್ಬಿ ಮಾಡುವ ಪ್ರತಿಯೊಬ್ಬ ಕನ್ನಡಿಗನೂ ಆ ಒಂದು ಸಾಲು ಬರೆಯಲಿ ಎಂಬುದು ನನ್ನ ಆಸೆ.

ನನ್ನ ಬಳಿ ಒಂದು ಪಟ್ಟಿ ಇದೆ. ಯಾವ ಪುಟ ಮಾಡಿದರೂ ಹೊರಗೆ ಬಿಡುವ ಮೊದಲು ಈ ನಾಲ್ಕನ್ನು ಹೊಡೆದು ನೋಡುತ್ತೇನೆ: ಮರಳಿ ಮಣ್ಣಿಗೆ, ಆಟ & ಪಾಠ, ಸಿ++, ರ‍್ಯಾಂಕ್. ಕನ್ನಡದ್ದು ಮೊದಲು.

ಆ ಕಾರ್ಡಿಗೆ ಹನ್ನೆರಡು ದಿನದಲ್ಲಿ ಉತ್ತರ ಬಂತು. ಮೇಷ್ಟ್ರು ಸೈಬರ್ ಸೆಂಟರಿನಲ್ಲಿ ಕೂತು ಒಂದೊಂದೇ ಗುರುತು ಹೊಡೆದಿದ್ದರು. ಪುಟ ತೆರೆದಿತ್ತು, ಆದರೆ 'ಮರಳಿ ಮಣ್ಣಿಗೇ' ಎಂಬ ಪುಸ್ತಕ ಇಲ್ಲ ಎಂದು ಬಂದಿತ್ತು. ತಾವು ಹೊಡೆದ ಸಾಲನ್ನೂ ಅವರು ಕಾರ್ಡಿನಲ್ಲಿ ಪೂರ್ತಿ ಬರೆದು ಕಳಿಸಿದ್ದರು. ಮೇಡಂ ತಮ್ಮಲ್ಲಿದ್ದ ಪ್ರತಿಯ ಜೊತೆ ಬೆರಳಿಟ್ಟು ಹೋಲಿಸುತ್ತಾ ಬಂದರು. ತಪ್ಪಿದ್ದದ್ದು ಕಟ್ಟಕಡೆಯ ಅಂಕೆ. %86 ಇರಬೇಕಾದ ಕಡೆ %87. ಕೀಲಿಮಣೆಯಲ್ಲಿ ಆರರ ಪಕ್ಕದ ಏಳು. 'ಗೆ' ಹೋಗಿ 'ಗೇ' ಆಗಿತ್ತು. ನೂರೆರಡು ಗುರುತಿನಲ್ಲಿ ಒಂದು ತಪ್ಪಿದರೆ ಆಗುವುದು ಕನ್ನಡದ ಒಂದು ದೀರ್ಘ. ಕನ್ನಡದ ಕೀಲಿಯೇ ಇಲ್ಲದ ಯಂತ್ರದಲ್ಲಿ ಕೂತು, ಇಂಗ್ಲಿಷಿನ ಆರು ಅಕ್ಷರ, ಹತ್ತು ಅಂಕೆ, ಒಂದು ಶೇಕಡಾ ಚಿಹ್ನೆ ಇಷ್ಟನ್ನೇ ಬಳಸಿ ಒಬ್ಬರು ಕನ್ನಡ ಬರೆದಿದ್ದರು.

ಮೇಡಂ ಇನ್ನೊಂದು ಕಾರ್ಡು ತೆಗೆದುಕೊಂಡು ಕೊನೆಯ ಅಂಕೆಯನ್ನಷ್ಟೇ ಬರೆದು, ಅದಕ್ಕೆ ಸುತ್ತು ಹಾಕಿ ಕಳಿಸಿದರು.

ಮುಂದಿನ ವಾರ ಬಂದ ಉತ್ತರದಲ್ಲಿ ಪುಸ್ತಕದ ಬೆನ್ನಿನ ಸಂಖ್ಯೆ 894.814 ಎಂದು ಮೇಷ್ಟ್ರ ಕೈಬರಹದಲ್ಲಿತ್ತು. ಅದರ ಕೆಳಗೆ, "ಪುಟ ಸಿಕ್ಕಿತು. ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಪ್ರತಿ ತೆಗೆದಿಟ್ಟಿರಬೇಕಾಗಿ ವಿನಂತಿ."